ಕಲ್ಲುಟಗರಿನ ಓಟ

ದುರ್ಗೇಶ ತನ್ನ ಮೇಲೆ ಹಗೆ ಸಾಧಿಸುತ್ತಿದ್ದಾನೆ ಎಂಬುದರಲ್ಲಿ ಮೀನಾಕ್ಷಿಗೆ ಎಳ್ಳಷ್ಟೂ ಅನುಮಾನ ಉಳಿದಿರಲಿಲ್ಲ. ಹೋದ ಭಾನುವಾರವಷ್ಟೇ ಅವನು ಮದುವೆಯಾಗ್ತೀಯಾ ಎಂದು ಕೇಳಿದ್ದ, ಇವಳು ಒಲ್ಲೆ ಅಂದಿದ್ದಳು. ಇವತ್ತು ನೋಡಿದರೆ ಆ ಹಾಳು ಕಲ್ಲುಟಗರು ಇವಳ ಬೆನ್ನಿಗೇ ಬಿದ್ದಿದೆ!

ಕಲ್ಲುಟಗರು ಎಂದರೆ ಸೋಡಾ ಬಾಟಲಿಯ ಮುಚ್ಚಳ. ಚಿತ್ರದುರ್ಗದ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಮೂವರು ಗೆಳೆಯರು ಭಾನುವಾರಕ್ಕೊಮ್ಮೆ ಕೂತು ಈ ಕಥೆಯಾಟ ಆಡುತ್ತಾರೆ. ಕಥೆ ನಡೆಸುವವನು ದುರ್ಗೇಶ. ಚೌಕುಳಿ ಹಾಳೆಯ ಮೇಲೆ ರಾಕ್ಷಸ ಮೃಗಗಳನ್ನು ಓಡಾಡಿಸುವವನೂ ಅವನೇ. ಮೀನಾಕ್ಷಿ ಮತ್ತು ಪಾಲಣ್ಣ ಒಬ್ಬೊಬ್ಬ ವೀರನನ್ನು ಹುಟ್ಟಿಸಿಕೊಂಡು ದಾಳ ಉರುಳಿಸುತ್ತಾರೆ. ಮೀನಾಕ್ಷಿಯ ವೀರೆ ಮಾರಕ್ಕ, ಮೂರು ವರ್ಷ ಸಾಕಿದ ಜೀವ. ಸತ್ತರೆ ಸತ್ತಂತೆಯೇ, ಮತ್ತೆ ಎಬ್ಬಿಸುವಂತಿಲ್ಲ. ಮೂವರೂ ಒಪ್ಪಿದ ಕಟ್ಟಳೆ ಅದು. ಮಾರಕ್ಕನ ಮೈಯಲ್ಲಿ ಈಗ ಅಷ್ಟಿಷ್ಟು ಕಸುವು ಮಾತ್ರ ಉಳಿದಿತ್ತು.

ಆಟ ಶುರುವಾದಾಗ ಟಗರು ಗುಹೆಯ ಆಚೆ ತುದಿಯಿಂದ ಓಡಿ ಬಂದು ಪಾಲಣ್ಣನ ಬಿಲ್ಲುಗಾರನನ್ನು ಒಂದೇ ಗುದ್ದಿಗೆ ಅಂಗಾತ ಕೆಡವಿತ್ತು. ಆಮೇಲೆ ಅವನ ಕಡೆ ತಿರುಗಿಯೂ ನೋಡಿಲ್ಲ. ಹಾಳೆಯಲ್ಲಿ ಮಾರಕ್ಕನ ಪಕ್ಕದ ಚೌಕಕ್ಕೇ ಬಂದು ಅಂಟಿಕೊಂಡು ಸುಮ್ಮನೆ ತಿವಿಯುತ್ತಿದೆ.

"ಅದಕ್ಕೆ ನಾನೊಬ್ಳೇ ಕಾಣ್ತೀನಾ?" ಎಂದಳು ಮೀನಾಕ್ಷಿ.

"ಟಗರು ಕಣೇ. ಅದರಿಷ್ಟ," ಎಂದ ದುರ್ಗೇಶ, ತಲೆ ಎತ್ತದೆ.

ಆಹಾ, ಟಗರಿನ ಇಷ್ಟವಂತೆ! ಮುಚ್ಚಳ ತಳ್ಳುವ ಬೆರಳು ಯಾರಪ್ಪನದು? ಮೀನಾಕ್ಷಿಗೆ ಮೈಯೆಲ್ಲ ಉರಿಯಿತು. "ಮಾರಕ್ಕ ಹಿಂದಕ್ಕೆ ಸರೀತಾಳೆ. ಆ ಗೋಡೆವರೆಗೂ."

ದುರ್ಗೇಶನ ಕೈ ಅಲ್ಲೇ ನಿಂತಿತು. "ಇನ್ನೊಂದ್ಸಲ ಯೋಚ್ನೆ ಮಾಡು. ಅಲ್ಲೇ ಇದ್ರೂ ನಡೀತೈತೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. "ಓಹೋ! ಅಲ್ಲೇ ಇದ್ರೆ ನಿಂಗೆ ತಿವಿಯಾಕೆ ಅನುಕೂಲ ಅಲ್ವಾ?"

"ಬ್ಯಾಡ ಕಣೇ, ನಿಂತಲ್ಲೇ ನಿಂತ್ಕಂಡು ಹೊಡಿ," ಎಂದ ಪಾಲಣ್ಣ.

"ನೀನೂ ಅವನ ಕಡೇನಾ? ಸರಿ ಹೋಯ್ತು ಬಿಡು." ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮೀನಾಕ್ಷಿ ಮಾರಕ್ಕನನ್ನು ಎತ್ತಿ ಗೋಡೆಯ ಪಕ್ಕಕ್ಕೆ ಇಟ್ಟಳು.

ದುರ್ಗೇಶ ಮುಚ್ಚಳಕ್ಕೂ ಮಾರಕ್ಕನಿಗೂ ನಡುವಿನ ಚೌಕಗಳನ್ನು ಎಣಿಸಿದ. ಆಮೇಲೆ ಸೋತ ದನಿಯಲ್ಲಿ ಹೇಳಿದ: "ಎದುರಿಗೆ ಇಪ್ಪತ್ತು ಅಡಿ ಬಯಲು ಸಿಕ್ರೆ ಇದು ಓಡ್ಲೇಬೇಕು. ಇದರ ಗುಣಾನೇ ಅಷ್ಟು. ಓಡಿ ಬಂದು ಗುದ್ದಿದ್ರೆ ಪೆಟ್ಟು ಮೂರು ಪಟ್ಟು. ಪಕ್ಕದಾಗೇ ನಿಂತಿದ್ರೆ ಓಟ ಇಲ್ಲ, ಬರೀ ತಿವಿತ."

ದಾಳ ಉರುಳಿತು. ಮಾರಕ್ಕ ಸತ್ತಳು.

ಮೀನಾಕ್ಷಿ ಯಲ್ಲದಕೆರೆಯ ಕುರಿಹಟ್ಟಿಯಲ್ಲಿ ಬೆಳೆದವಳು. ಟಗರು ಹಾಯಲು ಬಂದರೆ ದೂರ ಓಡಬಾರದು, ಕೊಂಬು ಹಿಡಿದು ಅದರ ಮೈಗೇ ಆತುಕೊಂಡು ನಿಲ್ಲಬೇಕು, ಓಟವಿಲ್ಲದ ಟಗರಿಗೆ ಗುದ್ದಿನ ಬಲವಿಲ್ಲ ಎಂದು ಅಂಬೆಗಾಲಿಡುವಾಗಿಂದ ಕೇಳಿದವಳು. ಇವನು ಇಷ್ಟು ಹೊತ್ತೂ ಟಗರನ್ನು ಇವಳಿಗೇ ಅಂಟಿಸಿ ಇಟ್ಟದ್ದು ಅದಕ್ಕೆ ಓಡಲು ಜಾಗ ಸಿಗದಿರಲಿ ಅಂತ. ಜಾಗ ಮಾಡಿಕೊಟ್ಟವಳು ಇವಳೇ.

"ಮೊದ್ಲೇ ಬಾಯ್ಬಿಟ್ಟು ಹೇಳಾಕೆ ಏನಾಗಿತ್ತೋ ನಿಂಗೆ?" ಎಂದಳು.

"ಹೇಳಿದ್ರೆ ನಂಬ್ತಿದ್ಯಾ?" ಎಂದ ದುರ್ಗೇಶ.

ಮೀನಾಕ್ಷಿ ಗೋಡೆಯ ಪಕ್ಕದಿಂದ ಮಾರಕ್ಕನನ್ನು ಎತ್ತಿಕೊಂಡಳು. "ಇಲ್ಲ," ಎಂದಳು.