ಕೇಳದೆ ಕೊಟ್ಟ ವಿಳಾಸ

ರಕ್ತ ಕೊಡುವವರ ಪಟ್ಟಿ ಹುಟ್ಟಿದ್ದು ನಮ್ಮ ಸವಣೂರಿನ ಮನೆಯ ಪಡಸಾಲೆಯಲ್ಲಿ. ನನ್ನ ತಂಗಿಯ ಮಗಳು ಮುನವ್ವರಾ ಅಲ್ಲೊಂದು ಸರ್ವರ್ ಯಂತ್ರ ಇಟ್ಟು, ಹಾನಗಲ್, ಶಿಗ್ಗಾಂವಿಯವರೂ ಫೋನಿನಲ್ಲೇ ಪಟ್ಟಿ ನೋಡುವಂತೆ ಮಾಡಿದ್ದಳು. ಮನೆಮನೆ ತಿರುಗಿ ಹೆಸರು ತಂದವನು ನಾನು, ಖಾದರಸಾಬ. ಓದಿದ್ದು ಎರಡನೇ ಇಯತ್ತೆ. ಆದರೆ ಯಾರದು ಯಾವ ರಕ್ತ ಎಂಬುದು ಇವತ್ತಿಗೂ ಬಾಯಿಪಾಠ.

ಮದುವೆಯಾಗಿ ಹಿರೇಕೆರೂರಿಗೆ ಹೋಗುವಾಗ ಅವಳು ಯಂತ್ರವನ್ನೂ ಒಯ್ದಳು. "ಮಾಮಾ, ಇನ್ನ ಗುಂಯ್ ಅನ್ನೂದು ನಿಂತತು. ಆರಾಮ ಮಲಗ್ರಿ" ಎಂದು ನಕ್ಕಳು.

ಐದನೇ ದಿನ ಮಧ್ಯಾಹ್ನ ಒಬ್ಬ ಏದುಸಿರು ಬಿಡುತ್ತ ಬಂದ. ಹಂಸಭಾವಿಯ ಹುಲಗೇಶ ಅಂತ ಆಮೇಲೆ ತಿಳಿಯಿತು.

"ಮುನವ್ವರಾ ಮೇಡಮ್ಮರು ಅದಾರೇನ್ರಿ? ಪಟ್ಟಿ ತೆರೀವಲ್ದು."

"ಇಲ್ಲಪ್ಪ. ಹಿರೇಕೆರೂರಿಗೆ ಹ್ವಾದಳು."

ಅವನು ಒಂದು ಗಳಿಗೆ ನಿಂತ. ಯಂತ್ರದ ದೂರು ತಂದಿದ್ದಾನೆಂದುಕೊಂಡು ನಾನು ಸುಮ್ಮನಿದ್ದೆ. ಕೇಳಿದಷ್ಟೇ ಹೇಳು ಅಂತ ಅಪ್ಪ ಕಲಿಸಿದ್ದ. ಅವನು ತಿರುಗಿ ಓಡಿದ.

ತವರಿಗೆ ಬಂದಿದ್ದ ಅವನ ಹೆಂಡತಿ ಜಯಶ್ರೀ ನಮ್ಮ ಸವಣೂರಿನ ದವಾಖಾನೆಯಲ್ಲೇ ಇದ್ದಳು. ಹೆರಿಗೆಯಾಗಿ ರಕ್ತ ನಿಂತಿರಲಿಲ್ಲ. ಬೇಕಿದ್ದದ್ದು ಓ ನೆಗೆಟಿವ್. ನಮ್ಮ ಮನೆ ಹಿಂದಿನ ಓಣಿಯ ದಿಲ್ಶಾದನದು ಅದೇ ರಕ್ತ. ಸಂಜೆಯೊಳಗೆ ಜಯಶ್ರೀ ತೀರಿಕೊಂಡಳು. ಕೂಸು ಉಳಿಯಿತು.

ಸುದ್ದಿ ಕೇಳಿ ಬಂದ ಮುನವ್ವರಾ ಕೊಟ್ಟ ನೀರನ್ನೂ ಕುಡಿಯಲಿಲ್ಲ.

"ತಪ್ಪು ನಂದ ಮಾಮಾ. ಈ ಪಟ್ಟಿ ಬಗ್ಗೆ ಯಾರನ್ನ ಕೇಳಬೇಕು ಅಂತ ಫೋನು ಮೊದಲ ಮ್ಯಾಲಿನ ಸರ್ವರ್‌ನ, ಅಂದ್ರ ಎಲ್ಲಾ ಸರ್ವರ್‌ಗಳ ಹೆಸರು ಇಟ್ಕೊಂಡಿರೋ ದೊಡ್ಡ ಸರ್ವರ್‌ನ ಕೇಳ್ತೈತಿ. ಅದು ನಮ್ಮ ಸರ್ವರ್ ಹೆಸರು ಹೇಳ್ತೈತಿ. ಬರೇ ಹೆಸರು ಹೇಳಿದ್ರ, ಆ ಹೆಸರಿನ ವಿಳಾಸಾನೂ ನಮ್ಮ ಸರ್ವರ್‌ನ್ನ ಕೇಳಬೇಕಾಕ್ಕೈತಿ. ಕೀಲಿಕೈ ಮನ್ಯಾಗಿಟ್ಟು ಕೀಲಿ ಜಡದಂಗ. ಅದಕ್ಕ ಮ್ಯಾಲಿನ ಸರ್ವರ್ ಕೇಳದಿದ್ರೂ ಹೆಸರಿಗೆ ವಿಳಾಸಾ ಜೋಡಿಸಿ ಕೊಡ್ತೈತಿ. ನಾ ನಮ್ಮ ಯಂತ್ರದಾಗ ಅಷ್ಟ ಹೊಸಾ ವಿಳಾಸಾ ಬರದ್ನಿ, ಮ್ಯಾಲಿನ ಸರ್ವರ್‌ನ್ಯಾಗ ಸವಣೂರಿನ ಹಳೇದ ಉಳೀತು. ಹಿರೇಕೆರೂರಿನ ನಮ್ಮನ್ಯಾಗ ನೋಡಿದ್ರ ತೆರೀತಿತ್ತು. ಯಂತ್ರ ಬಗಲಾಗ ಇತ್ತಲ್ಲ."

ಅಂದರೆ ಫೋನುಗಳೆಲ್ಲ ನಮ್ಮ ಖಾಲಿ ಪಡಸಾಲೆಗೇ ಬರುತ್ತಿದ್ದವು. ಹುಲಗೇಶನೂ ಅಲ್ಲಿಗೇ ಬಂದಿದ್ದ. ಆದರೆ ಅಲ್ಲಿ ನಾನಿದ್ದೆ.

ತಿಂಗಳಾದ ಮೇಲೆ ಅವನು ಮತ್ತೆ ಬಂದ. "ಮೇಡಮ್ಮರ ಹಿರೇಕೆರೂರಾಗಿನ ವಿಳಾಸಾ ಕೊಡ್ರಿ. ಪಟ್ಟಿಗೆ ನನ್ನ ಹೆಸರು ಬರಸಬೇಕು."

ಓಣಿ ಹೇಳಿದೆ, ಫೋನ್ ನಂಬರು ಹೇಳಿದೆ. ಆಮೇಲೆ ದಿಲ್ಶಾದನ ಹೆಸರು, ಅವನ ಹಸಿರು ಬಾಗಿಲು, ಅವನಿಲ್ಲದಿದ್ದರೆ ಅದೇ ರಕ್ತದ ಶಿಗ್ಗಾಂವಿಯ ಅಕೀಬ... ಹೇಳುತ್ತಲೇ ಹೋದೆ.

ಅವನು ಪೂರ್ತಿ ಕೇಳಿಸಿಕೊಂಡ.

"ಅವತ್ತ ಇದರಾಗಿಂದು ಒಂದ ಮಾತು ಸಾಕಿತ್ರಿ, ಕಾಕಾ."