ಒಂದೇ ಟೇಕು

ಎ.ಸಿ. ನಿಂತಿತು, ಅಂದರೆ ಶಾಟ್ ಶುರು, ಇನ್ನು ಕೆಮ್ಮುವಂತಿಲ್ಲ, ಬಳೆ ಅಲುಗುವಂತಿಲ್ಲ, ಪ್ಲೈವುಡ್ ಗೋಡೆಯ ಈಚೆ ಮಡಚುವ ಕುರ್ಚಿಯಲ್ಲಿ ನಾನು, ಆಚೆ ದೀಪಗಳ ಕಾವಿನಲ್ಲಿ ನನ್ನ ಎಂಟು ವರ್ಷದ ಮಗಳು — ಧಾರಾವಾಹಿಯ ಅನಾಥೆ, ಇವತ್ತು ಮತ್ತೆ ಅಳಬೇಕು. ತಾಯಿ ಎದುರಿಗಿದ್ರೆ ಮಗು ತಾಯಿಯನ್ನೇ ನೋಡತ್ತೆ, ನೀವು ಹಿಂದ್ಗಡೆ ಕೂತ್ಕೊಳ್ಳಿ ಅಮ್ಮಾ ಎಂದು ನಿರ್ದೇಶಕರು ಮೊದಲ ದಿನವೇ ಹೇಳಿದ್ದರು, ಅಂದಿನಿಂದ ನನ್ನ ಜಾಗ ಇದೇ, ಗೋಡೆಯ ಈ ಬದಿಗೆ ಬಣ್ಣವಿಲ್ಲ, ಮೊಳೆಗಳ ತುದಿ ಮಾತ್ರ. ಶಾಟ್ ಮುಗಿದ ಕೂಡಲೇ ಮ್ಯಾನೇಜರ್ ಬರುತ್ತಾನೆ, ಇನ್ನೊಂದು ವರ್ಷಕ್ಕೆ ಒಪ್ಪಿಗೆ ಕೇಳುತ್ತಾನೆ, ಹೂಂ ಅನ್ನಲೋ ಉಹೂಂ ಅನ್ನಲೋ, ಬೆಳಗಿನಿಂದ ಇದೇ ಲೆಕ್ಕ — ಹೂಂ ಅಂದರೆ ಮನೆ ಬಾಡಿಗೆ, ಅವಳದೇ ಶಾಲೆಯ ಫೀಸು, ಇವರ ಮುದ್ರಣಾಲಯ ಮುಚ್ಚಿತು, ಅವಳ ಜೊತೆ ಬರಲೆಂದು ನಾನೂ ಹೊಲಿಗೆ ಬಿಟ್ಟೆ, ಈಗ ದುಡಿಯುವವಳು ಅವಳೊಬ್ಬಳೇ. ನಮ್ಮನೆ ಯಜಮಾನ್ತಿ ಬಂದ್ಲು, ದಾರಿ ಬಿಡಿ ದಾರಿ ಬಿಡಿ, ಎಂದು ಇವರು ಸಂಜೆ ಬಾಗಿಲಲ್ಲಿ ಮಗಳಿಗೆ ತಮಾಷೆ ಮಾಡುತ್ತಾರೆ, ಆಮೇಲೆ ಗೋಡೆ ನೋಡುತ್ತಾರೆ. ನಾದಿನಿಯಂತೂ ಬಾಯಿಗೆ ಬೀಗ ಹಾಕುವವಳಲ್ಲ, ಕಲ್ಲು ಹೊರೋ ಮಗು ಕಂಡ್ರೆ ಅಯ್ಯೋ ಪಾಪ ಅಂತೀರಲ್ಲ ಅತ್ತಿಗೆ, ನಿಮ್ ಮಗಳು ಹೊರೋ ಕಣ್ಣೀರಿಗೆ ತೂಕ ಇಲ್ವಾ. ಅದು ಕೂಲಿ, ಇದು ಕಲೆ ಅಂದೆ. ಕಲೆಗೆ ಭಾನುವಾರನೂ ರಜೆ ಇಲ್ವೇನೋ ಅಂದಳು, ನಾನು ಪಾತ್ರೆ ತೊಳೆದೆ.

ಮೊದಲ ಸಲಕ್ಕೇ ಸರಿಯಾಗಿ ಅತ್ತು ಮುಗಿಸುತ್ತಾಳೆ, ಅದಕ್ಕೇ ಇಲ್ಲಿ ಎಲ್ಲರೂ ಅವಳನ್ನು ಕರೆಯುವುದೇ ಒಂದೇ ಟೇಕು ಎಂದು, ಅಗೋ ಒಂದೇ ಟೇಕು ಬಂದ್ಲು, ಒಂದೇ ಟೇಕಿಗೆ ಬಿಸ್ಕತ್ತು ಕೊಡ್ರೋ. ಗ್ಲಿಸರಿನ್ ಹಾಕಿ ಕಣ್ಣು ಕೆಂಪಾದಾಗ ನಾನೇ ಜಗಳ ತೆಗೆದು ನಿಲ್ಲಿಸಿದೆ, ಆಮೇಲೂ ನೀರು ಬಂತು, ಹೇಗೇ ಎಂದರೆ ಹಾಗೇ ಬರತ್ತಮ್ಮಾ ಅಂದಳು, ನಾನು ಹಿಗ್ಗಿದೆ, ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದೆ. ಅಳುವ ಮಗುವಿನ ಕೈ ತಾನಾಗಿ ಕಣ್ಣಿಗೆ ಹೋಗುತ್ತದೆ, ಮುಖ ಮುಚ್ಚಿದರೆ ಶಾಟ್ ಹಾಳು, ಅದಕ್ಕೇ ನಿರ್ದೇಶಕರು ಕಲಿಸಿದ್ದು — ಕೈ ಹಿಂದೆ ಕಟ್ಕೋ ಬಂಗಾರಿ, ಗಲ್ಲ ಮೇಲೆತ್ತು, ದೀಪ ನೋಡು. ಒಂದೇ ದಿನದಲ್ಲಿ ಕಲಿತಳು. ನಿನ್ನೆ ಸಂಜೆ ಬೀರುವಿನ ಬಾಗಿಲಿಗೆ ಬೆರಳು ಸಿಕ್ಕಿದಾಗ ಕಿರುಚಲಿಲ್ಲ, ಬಾಗಿಲು ಬಡಿದ ಸದ್ದಿಗೆ ಅಡುಗೆಮನೆಯಿಂದ ಓಡಿಬಂದೆ, ಟ್ಯೂಬ್‌ಲೈಟಿನ ಕೆಳಗೆ ನಿಂತಿದ್ದಾಳೆ, ಗಲ್ಲ ಮೇಲೆ, ಕಣ್ಣೀರು ಧಾರಾಕಾರ, ಕೈಗಳೆರಡೂ ಬೆನ್ನ ಹಿಂದೆ. ಎಲ್ಲೇ ನೋವು, ಕೈ ತೋರ್ಸೇ, ತೋರ್ಸು ಅಂದ್ರೆ — ಎಳೆದು ಮುಂದೆ ತರಬೇಕಾಯಿತು, ಉಗುರು ಕಪ್ಪಾಗಿತ್ತು.

ಬೆಳಿಗ್ಗೆ ಇವತ್ತೊಂದಿನ ಬಿಟ್ಟುಬಿಡಿ ಎಂದು ಫೋನ್ ಮಾಡಿದೆ, ಬೆರಳು ತಾನೇ ಅಮ್ಮಾ, ಕೈ ಹೆಂಗೂ ಫ್ರೇಮಲ್ಲಿ ಬರಲ್ಲ ಅಂದ ಮ್ಯಾನೇಜರ್, ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ, ಬಟ್ಟೆ ಸುತ್ತಿ ಕರೆತಂದೆ. ಈಗ ಯಾಕೆ ಇಷ್ಟು ಹೊತ್ತು, ಗೋಡೆಯಾಚೆಯಿಂದ ಬಿಕ್ಕು ಕೇಳಿಸುತ್ತಿಲ್ಲ, ನಿರ್ದೇಶಕರ ದನಿ ಮಾತ್ರ. ಅಳು ಬರ್ತಿಲ್ವಾ ಬಂಗಾರಿ, ಪರವಾಗಿಲ್ಲ, ಕ್ಯಾಮೆರಾ ಓಡ್ಲಿ, ನಿಧಾನ. ಅಳು ಬರದಿದ್ದರೆ ಮ್ಯಾನೇಜರ್ ನನ್ನ ಹತ್ತಿರ ಬರುವುದೇ ಇಲ್ಲ, ಇನ್ನೊಂದು ಮಗು ಬರುತ್ತದೆ, ಒಳ್ಳೆಯದೇ ಆಯಿತಲ್ಲ, ನಾನು ಏನೂ ಹೇಳಬೇಕಿಲ್ಲ, ಆದರೆ ನನ್ನೊಳಗೆ ಯಾವಳೋ ಒಬ್ಬಳು ಬರಲಿ, ಬರಲಿ ಎಂದು ಬೇಡಿಕೊಳ್ಳುತ್ತಿದ್ದಾಳೆ, ಥೂ, ನಾನೇ. ಗೋಡೆಗೊಂದು ಸುಳ್ಳು ಕಿಟಕಿ, ಅದಕ್ಕೊಂದು ಪರದೆ, ಏಳಬಾರದು, ಎದ್ದೆ, ಪರದೆಯ ಸಂದಿಯಲ್ಲಿ ಅವಳ ಬೆನ್ನು, ಎರಡು ಜಡೆ, ಅದರಾಚೆ ಕ್ಯಾಮೆರಾ, ಅವರಿಗೆಲ್ಲ ಮುಖ, ನನಗೊಬ್ಬಳಿಗೇ ಬೆನ್ನು, ಬೆನ್ನ ಹಿಂದೆ ಕೈಗಳು, ಬಟ್ಟೆ ಸುತ್ತಿದ ಬೆರಳು, ಅದನ್ನು ಹಿಡಿದ ಇನ್ನೊಂದು ಕೈ, ಹಿಡಿದದ್ದಲ್ಲ, ಒತ್ತುತ್ತಿದೆ, ಬಿಟ್ಟು ಮತ್ತೆ ಒತ್ತುತ್ತಿದೆ. ಭೇಷ್, ಬಂತು ಬಂತು, ಗಲ್ಲ ಮೇಲೆ — ಓಕೆ. ಚಪ್ಪಾಳೆ, ಎ.ಸಿ. ಮತ್ತೆ ಗುಂಯ್ ಅಂತಿದೆ, ಪಕ್ಕದಲ್ಲಿ ಮ್ಯಾನೇಜರ್ ಬಾಗಿದ್ದಾನೆ, ಇವತ್ತೂ ಒಂದೇ ಟೇಕು ನೋಡಿ ಅಮ್ಮಾ, ಮತ್ತೆ ಮುಂದಿನ ವರ್ಷಕ್ಕೆ ಏನಂತೀರಾ, ಏನಂತೀನಿ, ಶಾಟ್ ಮುಗಿದಿದೆ, ಯಾರೂ ನೋಡುತ್ತಿಲ್ಲ, ಬಿಡೇ, ಮುಗೀತು ಬಿಡೇ, ಆ ಕೈ ಇನ್ನೂ ಬೆನ್ನ ಹಿಂದೆ, ಆ ಬೆರಳನ್ನು ಇನ್ನೂ ಒತ್ತುತ್ತಲೇ —