ಜೋಡಿ ಚೀಟಿ

"ಒಂದು! ಬರೀ ಒಂದು!" ಹರ್ಬರ್ಟ್ ಭಾನುವಾರದ ಪೇಪರನ್ನು ಮಡಚಿ ತೊಡೆಗೆ ಬಡಿದ. ಬಡಿದ ರಭಸಕ್ಕೆ ಕೆಮ್ಮು ಕಿತ್ತುಕೊಂಡು ಬಂತು. ಆ ಕೆಮ್ಮು ಮುಗಿಯುವವರೆಗೂ ಎತ್ತಿದ ತೋರುಬೆರಳನ್ನು ಇಳಿಸಲಿಲ್ಲ ಪುಣ್ಯಾತ್ಮ.

"ಶುಕ್ರವಾರದಿಂದ ಅದೇ ರಾಗ ಹಾಡ್ತಿದೀಯ," ಎಂದಳು ಮೇಬಲ್. ಸಿಂಕಿನ ಮುಂದೆ ನಿಂತು ಆಲೂಗೆಡ್ಡೆಯ ಸಿಪ್ಪೆ ತೆಗೆಯುತ್ತಿದ್ದವಳು ಗಂಡನ ಕಡೆ ಮುಖ ತಿರುಗಿಸಲಿಲ್ಲ. "ಮೊದ್ಲು ಔಷಧಿ ಕುಡಿ."

"ಕುಡೀತೀನಿ ಕಣೇ. ಕೇಳಿಲ್ಲಿ. ನಲವತ್ತೊಂದು ಸಾವಿರ ಜನ ಓಟು ಹಾಕಿದಾರೆ. ಮೂರು ಸಲ ಎಣಿಸಿದಾರೆ. ನಿಮ್ಮ ಟೋರಿ ಮಹಾಶಯ ಗೆದ್ದಿದ್ದು ಒಂದೇ ಒಂದು ಓಟಲ್ಲಿ. ನಮ್ಮೂರು ಥಾರ್ನ್‌ಬೆಕ್ ಹೆಸರು ಲಂಡನ್ ಪೇಪರಲ್ಲಿ ಬಂದಿದೆ!"

ಗುರುವಾರ ಮತದಾನ ಆಗಿತ್ತು. ಶುಕ್ರವಾರ ಎಣಿಕೆ ಮುಗಿಯುವ ಹೊತ್ತಿಗೆ ಇಡೀ ಬ್ರಿಟನ್ನು ಬಾಯಿಬಿಟ್ಟುಕೊಂಡು ಕೂತಿತ್ತು. ಆಳುತ್ತಿದ್ದ ಟೋರಿ ಪಕ್ಷಕ್ಕೂ ಬಹುಮತವಿಲ್ಲ, ಕಾರ್ಮಿಕರ ಪಕ್ಷವಾದ ಲೇಬರ್‌ನವರಿಗೂ ಇಲ್ಲ. ಟೋರಿ ಪ್ರಧಾನಿ ಮನೆ ಖಾಲಿ ಮಾಡದೆ ಸಣ್ಣ ಪಕ್ಷದವರನ್ನು ಕರೆಸಿ ಪುಸಲಾಯಿಸುತ್ತಿದ್ದರು. ಲೇಬರ್ ನಾಯಕರು ತಮ್ಮ ಸರದಿ ಕಾಯುತ್ತಿದ್ದರು. ಗಣಿ ಕಾರ್ಮಿಕರ ಮುಷ್ಕರ ನಿಂತಿರಲಿಲ್ಲ, ಗಿರಣಿಗಳು ವಾರಕ್ಕೆ ಮೂರೇ ದಿನ ಓಡುತ್ತಿದ್ದವು, ಒಲೆಯ ಪಕ್ಕದ ಕಲ್ಲಿದ್ದಲಿನ ಬಕೆಟ್ಟಿನ ತಳ ಕಾಣುತ್ತಿತ್ತು. ನಾಳೆ ಯಾರು ಆಳುತ್ತಾರೆಂದು ಕೇಳಿದರೆ ಪಾದ್ರಿಯೂ ಭುಜ ಹಾರಿಸುತ್ತಿದ್ದ. ಒಂದೊಂದು ಸೀಟಿಗೂ ಬಂಗಾರದ ಬೆಲೆ ಬಂದಿದ್ದ ಹೊತ್ತು ಅದು.

"ತಮಾಷೆ ಏನು ಗೊತ್ತಾ?" ಹರ್ಬರ್ಟ್ ಮುಂದುವರಿಸಿದ. "ನಾವಿಬ್ರೂ ಹೋಗಿದ್ರೂ ಅಷ್ಟೇ ಆಗ್ತಿತ್ತು. ನಿಂದೊಂದು ಅವನಿಗೆ, ನಂದೊಂದು ಇವನಿಗೆ. ಮತ್ತೆ ಅದೇ ಒಂದು! ನಿನ್ನೆ ಹಾಲಿನವನಿಗೆ ಹೇಳಿದೆ, ಬಿದ್ದು ಬಿದ್ದು ನಕ್ಕ."

ಮೇಬಲ್‌ಳ ಚಾಕು ಸಿಪ್ಪೆಯ ಜತೆ ಅರ್ಧ ಆಲೂಗೆಡ್ಡೆಯನ್ನೂ ಕೊಯ್ದು ಹಾಕಿತು.

ಈ ಗಂಡ ಹೆಂಡತಿಯ ಸಂಗತಿ ಆ ಬೀದಿಗೆಲ್ಲ ಗೊತ್ತಿದ್ದದ್ದೇ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಜೋಡಿ. ಹರ್ಬರ್ಟ್ ಉಣ್ಣೆ ಗಿರಣಿಯಲ್ಲಿ ಮಗ್ಗದ ಮೇಸ್ತ್ರಿಯಾಗಿದ್ದವನು, ಹುಟ್ಟಾ ಲೇಬರ್. ಮೇಬಲ್ ದಿನಸಿ ಅಂಗಡಿಯವನ ಮಗಳು, ಅಪ್ಪನ ಕಾಲದಿಂದ ಟೋರಿ. ಮದುವೆಯಾದ ಮೂರನೆಯ ವರ್ಷ ಚುನಾವಣೆ ಬಂದಾಗ ಅವನು ಮುಂದಿನ ಕಿಟಕಿಗೆ ಕೆಂಪು ಭಿತ್ತಿಪತ್ರ ಅಂಟಿಸಿದ, ಇವಳು ಮೇಲಿನ ಕಿಟಕಿಗೆ ನೀಲಿಯದನ್ನು ಅಂಟಿಸಿದಳು. ಒಂಬತ್ತು ದಿನ ಮಾತಿಲ್ಲ ಕತೆಯಿಲ್ಲ. ಹತ್ತನೆಯ ದಿನ ಹರ್ಬರ್ಟೇ ರಾಜಿಗೆ ಬಂದ. "ನಿನ್ನ ಓಟು ನನ್ನದನ್ನ ಹೊಡೆಯುತ್ತೆ, ನನ್ನದು ನಿನ್ನದನ್ನ ಹೊಡೆಯುತ್ತೆ. ಇಬ್ಬರೂ ಯಾಕೆ ಬೂಟು ಒದ್ದೆ ಮಾಡ್ಕೋಬೇಕು? ಇಬ್ಬರೂ ಹೋಗೋದು ಬೇಡ."

ಅಂದಿನಿಂದ ಮತದಾನದ ದಿನ ಇಬ್ಬರೂ ಬಸ್ಸು ಹತ್ತಿ ಪಕ್ಕದ ಇಲ್ಕ್ಲಿ ಪಟ್ಟಣಕ್ಕೆ ಹೋಗಿ, ಒಂದೇ ಚಹಾ ಅಂಗಡಿಯಲ್ಲಿ ಕೂತು, ಸ್ಕೋನ್ ಎಂಬ ಬನ್ನು ತಿಂದು ಚಹಾ ಕುಡಿದು ಬರುವುದು ರೂಢಿಯಾಯಿತು. ಅಂಚೆಯಲ್ಲಿ ಬಂದ ಇಬ್ಬರ ಮತದಾರರ ಚೀಟಿಗಳೂ ಗಡಿಯಾರದ ಹಿಂದೆ ನಿಲ್ಲುತ್ತಿದ್ದವು. ಎಲ್ಲ ಮುಗಿದ ಮೇಲೆ ಹರ್ಬರ್ಟ್ ಅವೆರಡನ್ನೂ ಜೋಡಿಸಿ ಹಳೆಯ ಟಾಫಿ ಡಬ್ಬಿಗೆ ಹಾಕುತ್ತಿದ್ದ. ಏಳು ಚುನಾವಣೆ, ಏಳು ಜೋಡಿ. ಮನೆಗೆ ಬಂದವರಿಗೆ ಡಬ್ಬಿ ತೆರೆದು ತೋರಿಸುವುದೆಂದರೆ ಅವನಿಗೆ ಬಲು ಖುಷಿ.

ಈ ಸಲ ಇಲ್ಕ್ಲಿಗೆ ಹೋಗಲಿಲ್ಲ. ಹರ್ಬರ್ಟ್ ಎದೆ ಕಟ್ಟಿಕೊಂಡು ಹಾಸಿಗೆ ಹಿಡಿದಿದ್ದ. ಮೇಬಲ್ ಅವನಿಗೆ ಕೆಮ್ಮಿನ ಔಷಧಿ ತರಲೆಂದು ಹೊರಟವಳು ಸ್ಕೂಲಿನ ಮುಂದೆ ಹಾದುಹೋದಳು. ಮತಗಟ್ಟೆಯ ಬಾಗಿಲು ತೆರೆದಿತ್ತು. ಪಕ್ಕದ ಬೀದಿಯ ಹುಡುಗಿ, ಮೊನ್ನೆ ಮೊನ್ನೆ ಹದಿನೆಂಟು ತುಂಬಿದವಳು, ಕೈ ಉಜ್ಜಿಕೊಳ್ಳುತ್ತ ನಗುತ್ತ ಹೊರಗೆ ಬಂದಳು. ಅಷ್ಟೇ ಆದದ್ದು. ಮೇಬಲ್‌ಳ ಕಾಲುಗಳು ತಾವಾಗಿ ತಿರುಗಿದವು. ಅಷ್ಟು ಸಾವಿರ ಓಟುಗಳಲ್ಲಿ ತನ್ನದೊಂದು ಯಾವ ಲೆಕ್ಕ, ಸಮುದ್ರಕ್ಕೆ ಒಂದು ತೊಟ್ಟು ಎಂದುಕೊಂಡು ಹೆಸರಿನ ಮುಂದೆ ಪೆನ್ಸಿಲ್ಲಿನಿಂದ ಗೀಟಿನ ಮೇಲೆ ಗೀಟು ಎಳೆದು ಓಟು ಹಾಕಿ ಬಂದಳು. ಮನೆಗೆ ಬಂದು ಗಂಡನಿಗೆ ಔಷಧಿ ಕುಡಿಸಿದಳು. ಆ ಸಂಜೆಯೆಲ್ಲ ಮೈ ಹಗುರವಾಗಿತ್ತು, ಗಂಜಿ ಕಲಕುವಾಗ ಹಾಡು ಕೂಡ ಗುನುಗಿದಳು.

ಶುಕ್ರವಾರ ಮಧ್ಯಾಹ್ನ ರೇಡಿಯೋ ಆ ಒಂದು ಓಟಿನ ಸುದ್ದಿ ಹೇಳಿತು. ಆಗಿನಿಂದ ಮೈಮೇಲೆ ಇರುವೆ ಬಿಟ್ಟಂತೆ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಒರೆಸಿದ ಕಪ್ಪನ್ನೇ ಒರೆಸಿದಳು. ಮೂರು ಸಲ ಬಾಗಿಲ ಹೊಸ್ತಿಲು ತಿಕ್ಕಿದಳು.

ಈ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಕ್ಲಿಫರ್ಡ್ ಬಂದ. ಊರಿನ ಲೇಬರ್ ಪಕ್ಷದ ಕಾರ್ಯದರ್ಶಿ, ಹರ್ಬರ್ಟನ ಗಿರಣಿ ಕಾಲದ ಗೆಳೆಯ. ಎರಡು ರಾತ್ರಿ ನಿದ್ದೆಗೆಟ್ಟು ಕಣ್ಣು ಕೆಂಡವಾಗಿದ್ದವು. ಕೋಟು ಬಿಚ್ಚದೆ ಕುರ್ಚಿಗೆ ಬಿದ್ದ.

"ಲಂಡನ್ನಿಂದ ಏನಪ್ಪ ಸುದ್ದಿ?" ಹರ್ಬರ್ಟ್ ಕೇಳಿದ.

"ಸುದ್ದಿ ಏನು ಮಣ್ಣು. ಹೋಗೋನು ಹೋಗ್ತಿಲ್ಲ, ಬರೋನು ಬರ್ತಿಲ್ಲ. ಯಾರು ಬಂದ್ರೂ ಆರು ತಿಂಗಳು ಬಾಳಲ್ಲ. ಮತ್ತೆ ಚುನಾವಣೆ ಬಂದೇ ಬರುತ್ತೆ. ಅದಕ್ಕೇ ಬಂದೆ. ಮುಂದಿನ ಸಲ ನೀನು ಬರ್ಬೇಕು ಕಣೋ. ನಾವು ಒಂದು ಓಟಲ್ಲಿ ಸತ್ತಿದೀವಿ."

"ಆಗಲ್ಲ ಮಾರಾಯ. ಇವಳಿಗೆ ಮಾತು ಕೊಟ್ಟಿದೀನಿ, ಇವಳು ನನಗೆ ಕೊಟ್ಟಿದಾಳೆ. ಇಪ್ಪತ್ತನಾಲ್ಕು ವರ್ಷ ಆಯ್ತು. ಹಿಂಗೆ ಮಾತು ಉಳಿಸ್ಕೊಳ್ಳೋರು ಪಾರ್ಲಿಮೆಂಟಲ್ಲಿ ನಾಲ್ಕು ಜನ ಇದ್ದಿದ್ರೆ ದೇಶಕ್ಕೆ ಈ ಗತಿ ಬರ್ತಿತ್ತಾ? ಏನಂತೀಯ ಮೇಬಲ್?"

ಮೇಬಲ್ ಚಹಾ ಬಗ್ಗಿಸುತ್ತಿದ್ದಳು. ಕ್ಲಿಫರ್ಡ್ ಅವಳನ್ನೇ ನೋಡುತ್ತಿದ್ದ. ನೋಡಿದ, ಸಕ್ಕರೆ ಹಾಕಿದ, ಕಲಕಿದ, ಮತ್ತೆ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವಳು ಸುಮ್ಮಸುಮ್ಮನೆ ಏಪ್ರನ್ ಸರಿಮಾಡಿಕೊಂಡಳು.

ಕ್ಲಿಫರ್ಡನನ್ನು ಕಳಿಸಲು ಅವಳು ಗೇಟಿನವರೆಗೆ ಹೋದಳು. ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. "ನೋಡು ತಾಯಿ, ಗುರುವಾರ ಮತಗಟ್ಟೆ ಬಾಗಿಲಲ್ಲಿ ನಮ್ಮ ಪಕ್ಷದ ಪರವಾಗಿ, ಓಟು ಹಾಕಿ ಬಂದೋರ ನಂಬರು ಬರ್ಕೊಳ್ತಾ ಕೂತಿದ್ದು ನನ್ನ ತಂಗಿ."

ಮೇಬಲ್‌ಗೆ ಆ ಗುರುವಾರ ಕಣ್ಣಮುಂದೆ ಬಂತು. ಕುರ್ಚಿ ಹಾಕಿಕೊಂಡು, ಕೆಂಪು ಹೂವು ಸಿಕ್ಕಿಸಿಕೊಂಡು ಕೂತಿದ್ದ ಆ ಹೆಂಗಸು "ನಿಮ್ಮ ನಂಬರು ಹೇಳ್ತೀರಾ?" ಎಂದು ನಯವಾಗಿ ಕೇಳಿದ್ದಳು. ಹೇಳಲೇಬೇಕೆಂದು ಕಾನೂನೇನೂ ಇರಲಿಲ್ಲ. ಆದರೆ ನಯವಾಗಿ ಕೇಳಿದವರಿಗೆ ಇಲ್ಲ ಎನ್ನುವುದು ಹೇಗೆ? ಚೀಟಿ ಮನೆಯಲ್ಲೇ ಇತ್ತು, ಒಳಗೆ ಗುಮಾಸ್ತ ಪಟ್ಟಿ ನೋಡಿ ಓದಿದ್ದ ನಂಬರನ್ನೇ ಹೇಳಿಬಿಟ್ಟಿದ್ದಳು, ಮೇಲೆ ಥ್ಯಾಂಕ್ಸ್ ಬೇರೆ.

"ಹರ್ಬರ್ಟಿಗೆ ಹೇಳಿಲ್ಲ ನಾನು," ಕ್ಲಿಫರ್ಡ್ ಹೇಳಿದ. "ಹೇಳೋ ಮನಸ್ಸೂ ಇಲ್ಲ. ಆದ್ರೆ ತಂಗಿ ಬಾಯಿಗೆ ಬೀಗ ಹಾಕೋಕಾಗುತ್ತಾ? ನಾಳೆ ಸಂಜೆ ನಮ್ಮ ಕಾರ್ಮಿಕರ ಕ್ಲಬ್ಬಲ್ಲಿ ಎಲ್ಲರಿಗೂ ಗೊತ್ತಾಗುತ್ತೆ. ಅವನು ಅಲ್ಲಿಗೆ ಬಂದು ಡಬ್ಬಿ ಕತೆ ಶುರು ಮಾಡಿದ್ರೆ ನನ್ನ ಕೈಲಿ ನೋಡೋಕಾಗಲ್ಲ ತಾಯಿ."

ಅವನು ಹೋದ ಮೇಲೂ ಮೇಬಲ್ ಗೇಟು ಹಿಡಿದು ನಿಂತಿದ್ದಳು. ಹೇಳದಿದ್ದರೆ ಊರವರ ನಗು ಅವನ ಮುಖಕ್ಕೆ ಹೊಡೆಯುತ್ತದೆ, ಹೇಳಿದರೆ ತಾನೇ ಹೊಡೆದಂತಾಗುತ್ತದೆ. ಒಳಗಿನಿಂದ ದನದ ಮಾಂಸ ಬೇಯುವ ವಾಸನೆ ಬಂತು, ಸೀದೀತೆಂದು ಒಳಗೆ ಓಡಿದಳು.

ಊಟಕ್ಕೆ ಕೂತರು. ಮಾಂಸದ ಜತೆ ತಿನ್ನುವ ಹಿಟ್ಟಿನ ಯಾರ್ಕ್‌ಷೈರ್ ಪುಡಿಂಗು ಆವತ್ತು ಎಂದಿಗಿಂತ ಚೆನ್ನಾಗಿ ಉಬ್ಬಿತ್ತು. ಹರ್ಬರ್ಟ್ ಅದರ ಗುಳಿಗೆ ಗ್ರೇವಿ ಸುರಿಯತೊಡಗಿದ.

"ಹರ್ಬರ್ಟ್, ನಾನು ಗುರುವಾರ ಓಟು ಹಾಕ್ದೆ."

"ಯಾವ ಓಟು?"

"ಎಷ್ಟು ಓಟು ಇರುತ್ತೆ? ಅದೇ ಓಟು."

ಗ್ರೇವಿ ಪುಡಿಂಗಿನ ಗುಳಿ ತುಂಬಿ, ತಟ್ಟೆ ದಾಟಿ, ಮೇಜಿನ ಬಟ್ಟೆಗೆ ಇಳಿಯಿತು. ಹರ್ಬರ್ಟ್ ಜಗ್ಗನ್ನು ಕೆಳಗಿಟ್ಟ.

"ನಾನು ಹಾಸಿಗೇಲಿ ಬಿದ್ದಿದ್ದಾಗ."

"ಹೂಂ."

"ನನ್ನ ಔಷಧಿ ತರೋಕೆ ಅಂತ ಹೋದೋಳು."

"ಔಷಧೀನೂ ತಂದೆ."

"ನಿಮ್ಮೋನಿಗೇ ಹಾಕಿದ್ಯಾ?"

"ಮತ್ತಿನ್ಯಾರಿಗೆ? ಅವನಿಗೇ." ಆಮೇಲೆ ಕ್ಲಿಫರ್ಡನ ತಂಗಿ, ನಂಬರು, ನಾಳೆಯ ಕ್ಲಬ್ಬು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

ಹರ್ಬರ್ಟನ ಕಿವಿಗಳು ಕೆಂಪಗಾದವು. "ಹಾಲಿನವನಿಗೆ ಹೇಳ್ದೆ. ಪಾದ್ರಿಗೆ ಹೇಳ್ದೆ. ನಮ್ಮನೇಲಿ ಮೋಸ ಇಲ್ಲ ಅಂತ ಬೀದಿಗೆಲ್ಲ ಸಾರಿಕೊಂಡು ಬಂದೆನಲ್ಲೇ! ಇಪ್ಪತ್ತನಾಲ್ಕು ವರ್ಷ! ನಾನು ಹೋಗ್ಲಿಲ್ಲ. ಒಂದು ಸಲಾನೂ ಹೋಗ್ಲಿಲ್ಲ."

"ನೀನು ಹೋಗ್ಲಿಲ್ಲ, ನಿಜ." ಮೇಬಲ್‌ಳ ಕೈಯಲ್ಲಿದ್ದ ಫೋರ್ಕು ತಟ್ಟೆಯ ಅಂಚಿಗೆ ಇಳಿಯಿತು. "ನಿನಗೆ ಯೂನಿಯನ್ ಇತ್ತು, ಅಲ್ಲಿ ಕೈ ಎತ್ತುತ್ತಿದ್ದೆ. ಕ್ಲಬ್ಬಿದೆ, ಮೇಜು ಗುದ್ದಿ ಮಾತಾಡ್ತೀಯ, ಹತ್ತು ಜನ ಕೇಳ್ತಾರೆ. ನೀನು ಬಿಟ್ಟಿದ್ದು ಹತ್ತರಲ್ಲಿ ಒಂದು. ನನಗೆ ಇದ್ದಿದ್ದೇ ಒಂದು ಕಣೋ. ಅದನ್ನ ಆ ಡಬ್ಬಿಗೆ ಹಾಕಿ ಹಾಕಿ ಇಟ್ಟೆ. ನಿನಗೆ ಮೋಸ ಆಯ್ತು, ಒಪ್ಕೋತೀನಿ. ಹಾಕಿದ್ದು ತಪ್ಪು ಅಂತ ಮಾತ್ರ ಹೇಳಲ್ಲ."

ಹರ್ಬರ್ಟ್ ಎದ್ದು ಮೆಟ್ಟಿಲು ಹತ್ತಿ ಮೇಲೆ ಹೋದ. ಪುಡಿಂಗು ಕುಸಿದು ಚಪ್ಪಟೆಯಾಯಿತು. ಮೇಬಲ್‌ಗೆ ನಾಚಿಕೆಯಾಗಿತ್ತು, ದುಃಖ ಉಕ್ಕಿ ಬರುತ್ತಿತ್ತು. ಆದರೂ ಹೊಟ್ಟೆ ಹಸಿದಿತ್ತು. ಕೂತು ತನ್ನ ತಟ್ಟೆಯದನ್ನೆಲ್ಲ ತಿಂದಳು.

ಸೋಮವಾರವೆಲ್ಲ ಮನೆಯಲ್ಲಿ ಕೆಮ್ಮೊಂದೇ ಮಾತಾಡಿತು. ಹರ್ಬರ್ಟ್ ಕಿಟಕಿಯಿಂದ ಒಲೆಗೆ, ಒಲೆಯಿಂದ ಕಿಟಕಿಗೆ ಓಡಾಡಿದ. ರೇಡಿಯೋ ಗಂಟೆಗೊಮ್ಮೆ ಇನ್ನೂ ತೀರ್ಮಾನವಾಗಿಲ್ಲ ಎಂದಿತು. ಲಂಡನ್ನಿನಲ್ಲಿ ಕುಳಿತ ಆ ಮನುಷ್ಯ ಮನೆ ಬಿಡುತ್ತಾನೋ ಇಲ್ಲವೋ ಎಂಬ ಚಿಂತೆ ಮೇಬಲ್‌ಗೆ ಈಗ ಇರಲಿಲ್ಲ. ತನ್ನ ಗಂಡ ಮತ್ತೆ ಮಾತಾಡುತ್ತಾನೋ ಇಲ್ಲವೋ ಎಂದಷ್ಟೇ ಜೀವ ತಳಮಳಿಸುತ್ತಿತ್ತು.

ಸಂಜೆ ಆರೂವರೆ ದಾಟಿದಾಗ ಸುದ್ದಿ ಬಂತು. ಸಣ್ಣ ಪಕ್ಷದವರು ಒಪ್ಪಲಿಲ್ಲ, ಪ್ರಧಾನಿ ರಾಣಿಯ ಅರಮನೆಗೆ ಹೋಗಿ ರಾಜೀನಾಮೆ ಕೊಟ್ಟರು, ಲೇಬರ್ ನಾಯಕರಿಗೆ ಕರೆ ಹೋಯಿತು. ಬೀದಿಯಲ್ಲಿ ಯಾರೋ ಕೇಕೆ ಹಾಕಿದರು. ಸ್ವಲ್ಪ ಹೊತ್ತಿಗೆ ಕ್ಲಿಫರ್ಡ್ ಬಾಗಿಲು ಬಡಿದ. ಅವನ ಹಿಂದೆ ಕ್ಲಬ್ಬಿಗೆ ಹೊರಟ ನಾಲ್ಕೈದು ಮಂದಿ.

"ಹರ್ಬರ್ಟ್! ನಮ್ಮೋರು ಬಂದ್ರು ಕಣೋ! ಬಾರೋ, ಬಿಯರ್ ನಂದು!"

ಹರ್ಬರ್ಟ್ ಹೊಸ್ತಿಲಲ್ಲಿ ನಿಂತ. ಹಿಂದಿದ್ದವನೊಬ್ಬ ಇನ್ನೊಬ್ಬನ ಪಕ್ಕೆಗೆ ತಿವಿದು ನಕ್ಕದ್ದು ಒಳಗಿದ್ದ ಮೇಬಲ್‌ಗೂ ಕಾಣಿಸಿತು.

"ನಿನ್ನ ತಂಗಿ ಬರ್ಕೊಂಡ ನಂಬರು ಸರಿಯಾಗೇ ಇದೆ," ಹರ್ಬರ್ಟ್ ಎಲ್ಲರಿಗೂ ಕೇಳುವಂತೆ ಹೇಳಿದ. "ನನ್ನ ಹೆಂಡ್ತಿ ಓಟು ಹಾಕಿದಾಳೆ. ಅವಳ ಓಟು, ಅವಳು ಹಾಕಿದಾಳೆ. ನನಗೆ ಕೆಮ್ಮಿದೆ, ಇವತ್ತು ಬರಲ್ಲ." ಬಾಗಿಲು ಹಾಕಿಕೊಂಡ.

ನೇರ ಗಡಿಯಾರದ ಹತ್ತಿರ ಹೋಗಿ ಹಿಂದಿದ್ದ ಎರಡು ಚೀಟಿಗಳನ್ನೂ ತೆಗೆದ. ಟಾಫಿ ಡಬ್ಬಿಯ ಮುಚ್ಚಳ ಕಿತ್ತು ತನ್ನದನ್ನು ಒಳಗೆ ಹಾಕಿದ. ಮೇಬಲ್‌ಳ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಇದರಲ್ಲಿ ಸೇರಲ್ಲ," ಎಂದು ಅವಳ ಮುಂದೆ ಮೇಜಿನ ಮೇಲಿಟ್ಟ. ಅವನ ಮುಖದಲ್ಲಿ ಸಿಟ್ಟು ಇನ್ನೂ ಇತ್ತು. ಆದರೂ ಕುರ್ಚಿ ಎಳೆದುಕೊಂಡು ಎದುರಿಗೆ ಕೂತ.

ಟಾಫಿ ಡಬ್ಬಿಯ ಮುಚ್ಚಳವನ್ನು ಒತ್ತಿ ಮುಚ್ಚಿದ.

"ಮತಗಟ್ಟೇಲಿ ಈಗ್ಲೂ ಪೆನ್ಸಿಲ್ಲನ್ನ ದಾರಕ್ಕೆ ಕಟ್ಟಿರ್ತಾರಾ?"

"ಹೂಂ. ದಾರ ಗಿಡ್ಡ. ಬಗ್ಗಿ ಬರೀಬೇಕು."

"ಮದುವೆಗೆ ಮುಂಚೆ ನಾನು ಹಾಕಿದಾಗ ಉದ್ದ ಇತ್ತು," ಎಂದ ಹರ್ಬರ್ಟ್. ಮೇಜಿನ ಬಟ್ಟೆಯ ಮೇಲೆ, ನಿನ್ನೆಯ ಗ್ರೇವಿಯ ಕಲೆಯ ಪಕ್ಕದಲ್ಲಿ, ಅವನ ತೋರುಬೆರಳು ಮೆಲ್ಲಗೆ ಒಂದು ಅಡ್ಡಗೀಟು ಎಳೆದು, ಅದರ ಮೇಲೆ ಇನ್ನೊಂದು ಎಳೆಯಿತು.